ಕೆರೆಗೆ ಬಂದ ನೆಂಟರು

ನಾನು ಹುಟ್ಟಿಸಿದ ಮೊದಲ ದೆವ್ವ ಒಂದು ತಟ್ಟೆ ಉಪ್ಪಿಟ್ಟಿನ ಮುಂದೆ ಸತ್ತುಹೋಯಿತು. ಅದಕ್ಕಾಗಿ ನಾನು ಎಷ್ಟೋ ಸಂಜೆ ತಲೆ ಕೆಡಿಸಿಕೊಂಡಿದ್ದೆ. ಪಾಳುಬಿದ್ದ ಕೋಟೆ, ಬಾವಲಿಗಳು, ರಕ್ತ ಜಿನುಗುವ ಗೋಡೆ, ಬಿಳಿ ಸೀರೆಯ ಹೆಂಗಸು, ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಭಾನುವಾರ ಮಧ್ಯಾಹ್ನ ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿ, ದನಿ ತಗ್ಗಿಸಿ, "ಆ ಹೆಂಗಸು ನಿಧಾನವಾಗಿ ನಿಮ್ಮ ಕಡೆ ತಿರುಗಿದಳು, ಅವಳಿಗೆ ಮುಖವೇ ಇರಲಿಲ್ಲ" ಎಂದೆ. ತಮ್ಮನ ಗೆಳೆಯ ಉಪ್ಪಿಟ್ಟಿನಿಂದ ಕರಿಬೇವು ಆರಿಸಿ ತಟ್ಟೆಯ ಅಂಚಿಗಿಡುತ್ತಾ, "ಮುಖ ಇಲ್ಲ ಅಂದ್ರೆ ಆಧಾರ್‌ಗೆ ಫೋಟೋ ಹೆಂಗ್ ತೆಗೆಸಿದ್ಳು ಅಕ್ಕಾ?" ಎಂದು ಕೇಳಿದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಬೆಡ್‌ಶೀಟ್ ಬಿಚ್ಚಿ ಮಡಚಿಟ್ಟೆ.

ಈ ಆಟ ಕಂಡಿಲ್ಲದವರಿಗೆ ಹೇಳಿಬಿಡುತ್ತೇನೆ. ಮೇಜಿನ ಸುತ್ತ ಕೂತು ಆಡುವ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ: ಊರು, ಕಾಡು, ರಾಜ, ರಾಕ್ಷಸ ಎಲ್ಲ ಅವರ ಬಾಯಲ್ಲಿ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯನಾಗಿ, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನುತ್ತಾ ಹೋಗಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಿರಿ, ಸಣ್ಣದು ಬಿದ್ದರೆ ಅನುಭವಿಸಿ. ಕಥೆ ನಡೆಸುವವರು ತಮ್ಮ ಮುಂದೆ ಒಂದು ಮರೆ ಇಟ್ಟುಕೊಂಡು ಅದರ ಹಿಂದೆ ದಾಳ ಹಾಕುವುದು ರೂಢಿ. ಡೆಂಟಲ್ ಕಾಲೇಜಿನ ಹಾಸ್ಟೆಲಿನಲ್ಲಿ ಕಲಿತದ್ದು ನಾನು. ನನ್ನ ಮರೆ ಎಂದರೆ ಯಾರದೋ ಮದುವೆಯ ಸ್ವೀಟ್ ಬಾಕ್ಸಿನ ಮುಚ್ಚಳ. ಅದರ ಹೊರಮೈಯಲ್ಲಿ ಗಣಪತಿ ಇದ್ದ.

ನಮ್ಮದು ಬ್ಯಾಟರಾಯನಪುರದಲ್ಲಿ ಹಳೇ ಮಹಡಿ ಮನೆ. ಕೆಳಗೆ ಅಮ್ಮ ಮತ್ತು ತಮ್ಮ, ಮೇಲಿನ ಮನೆಯಲ್ಲಿ ನಾನು ಮತ್ತು ನನ್ನ ಗಂಡ. ಮೇಜಿಗೆ ಬರುತ್ತಿದ್ದವರು ಮೂವರು. ಒಬ್ಬ, ಈ ಆಧಾರ್ ಕೇಳಿದವನು, ಚಿಕ್ಕಬಾಣಾವರದಿಂದ ಬೈಕಿನಲ್ಲಿ ಬರುತ್ತಿದ್ದ. ಕಥೆಯಲ್ಲಿ ಅವನು ಕಳ್ಳ. ಇನ್ನೊಬ್ಬರು ಹಿಂದಿನ ಬೀದಿಯ ಹೈಸ್ಕೂಲು ಕನ್ನಡ ಮೇಡಂ. ಅವರು ಕತ್ತಿ ಹಿಡಿದ ಯೋಧೆ. ವಾರವೆಲ್ಲ ಉತ್ತರಪತ್ರಿಕೆ ತಿದ್ದಿದ ಸಿಟ್ಟನ್ನು ಭಾನುವಾರ ನನ್ನ ರಾಕ್ಷಸರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಮೂರನೆಯವನು ತಮ್ಮ. ಅವನು ಕತ್ತಿ ಬೇಡ, ಮಂತ್ರ ಬೇಡ ಎಂದು ದೀಪ ಹಿಡಿಯುವವನಾದ. "ಕತ್ಲೆ ಇರೋ ಕಡೆ ನಾನ್ ಮುಂದೆ ನಡೀತೀನಿ, ನೀವ್ ಹಿಂದೆ ಬನ್ನಿ" ಎಂದಿದ್ದ. ಈ ಆಟ ಶುರುವಾಗಿದ್ದೇ ಅವನಿಗಾಗಿ.

ಆಟಕ್ಕೂ ಮುಂಚಿನ ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ ತಡವಾಗಿತ್ತು. ಹೆಬ್ಬಾಳದ ಆಚೆ ಮಣ್ಣು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅವನ ಕೆಲಸ. ಕಿವಿಗೆ ಫೋನು ಸಿಕ್ಕಿಸಿಕೊಂಡು, ಶೂ ಲೇಸು ಕಟ್ಟದೆ, "ಹೋಗ್ತೀನಮ್ಮಾ" ಎಂದು ಕೂಗಿ ಓಡಿದ. ಏರ್‌ಪೋರ್ಟ್ ರಸ್ತೆಗೆ ಮುಂಚಿನ ಸರ್ವೀಸ್ ರೋಡ್ ದಾಟುವಾಗ ಎದುರು ದಿಕ್ಕಿನಲ್ಲಿ ನುಗ್ಗಿದ ಗೂಡ್ಸ್ ಆಟೋ ಗುದ್ದಿತು. ತೊಡೆಯ ಮೂಳೆ ಮುರಿಯಿತು. ಒಳಗೆ ರಾಡ್ ಹಾಕಿದರು. ಮನೆಯಲ್ಲಿ ಮಲಗಿದವನಿಗೆ ಹೊತ್ತು ಹೋಗಲಿ ಎಂದು ನಾನು ಆಟ ಶುರು ಮಾಡಿದೆ.

ನಮ್ಮ ಕಡೆ ಮನೆಯಿಂದ ಹೊರಡುವವರು "ಹೋಗ್ತೀನಿ" ಎನ್ನುವುದಿಲ್ಲ. "ಬರ್ತೀನಿ" ಎನ್ನಬೇಕು. ಕಳಿಸುವವರು "ಹೋಗಿ ಬಾ" ಎನ್ನಬೇಕು. ಎಲ್ಲರ ಮನೆಯಲ್ಲೂ ಇದು ಇದ್ದದ್ದೇ, ಯಾರೂ ತಲೆಗೆ ಹಚ್ಚಿಕೊಂಡಿರುವುದಿಲ್ಲ. ಅಮ್ಮ ಹಚ್ಚಿಕೊಂಡಳು. ಅವನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ಯಾರು ಹೊರಟರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು, ಬಾಯಿಂದ "ಬರ್ತೀನಿ" ಬೀಳುವ ತನಕ ದಾರಿ ಬಿಡುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೂ ಇದೇ ಕಾಯಿದೆ. ಅವಳ ಕಡೆಯ "ಹೋಗಿ ಬಾ" ಕೂಡ ಬದಲಾಯಿತು. "ಹೋಗಿ" ಎನ್ನುವುದನ್ನು ಕತ್ತರಿಸಿ ಎಸೆದು, ಬರೀ "ಬಾ" ಎನ್ನತೊಡಗಿದಳು. "ಬರ್ತೀನಮ್ಮಾ." "ಬಾ." ಹೊರಗಿನವರು ಕೇಳಿದರೆ ಒಳಗೆ ಕರೆಯುತ್ತಿದ್ದಾಳೆ ಎಂದುಕೊಳ್ಳಬೇಕು.

ಮೂಳೆ ಕೂಡಿತು. ಕೋಲು ಬಿಟ್ಟು ನಡೆದ. ಮಹಡಿ ಹತ್ತಿ ಇಳಿದ. ಆದರೆ ಸರ್ವೀಸ್ ರೋಡಿನ ಅಂಚಿಗೆ ಹೋಗಿ ನಿಂತರೆ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಆ ರಸ್ತೆ ದಾಟಿದರೆ ಸ್ಕೈವಾಕ್, ಸ್ಕೈವಾಕ್ ಇಳಿದರೆ ಬಸ್ಸು. ಅಷ್ಟೇ ದಾರಿ. ಬೆವರಿ ವಾಪಸು ಬರುತ್ತಿದ್ದ. ನಾನು ಕೈ ಹಿಡಿದು ದಾಟಿಸುತ್ತೇನೆ ಎಂದರೆ, ನಾನೇನು ಎಲ್‌ಕೆಜಿನಾ ಎಂದು ರೇಗುತ್ತಿದ್ದ. ಡಾಕ್ಟರು ಕಾಲು ಸರಿಯಾಗಿದೆ ಎಂದರು, ಉಳಿದದ್ದು ಅವನ ಕೈಯಲ್ಲಿದೆ ಎಂದರು. ಲ್ಯಾಬಿನವರು ಒಳ್ಳೆಯವರು, ಕಾದರು. ಕೊನೆಗೆ ಅವರೂ ಫೋನ್ ಮಾಡಿ, ತಿಂಗಳ ಕೊನೆಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಸಂಕೋಚದಿಂದಲೇ ಹೇಳಿದರು. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆದರೆ ಯಾವ ಕೆಲಸಕ್ಕಾದರೂ ಆ ರಸ್ತೆ ದಾಟಲೇಬೇಕಲ್ಲ. ಈ ವಯಸ್ಸಿಗೇ ಇವನು ಗೇಟಿನೊಳಗಿನ ಮನುಷ್ಯನಾಗಿಬಿಡುತ್ತಾನೇನೋ ಎಂದು ನನಗೆ ಭಯ. ಅಮ್ಮನಿಗೆ ಅವನು ಗೇಟು ದಾಟುತ್ತಾನಲ್ಲ ಎಂದು ಭಯ. ಒಂದೇ ಮನೆಯಲ್ಲಿ ಎರಡು ಭಯ, ಒಂದಕ್ಕೊಂದು ಬೆನ್ನು ಹಾಕಿಕೊಂಡು ಕೂತಿದ್ದವು.

ಹಾಗೆ ನೋಡಿದರೆ ಭಯ ನನ್ನ ಕಸುಬು. ಆರ್.ಟಿ. ನಗರದಲ್ಲಿ ನನ್ನ ಹಲ್ಲಿನ ಕ್ಲಿನಿಕ್ಕು. ದೊಡ್ಡ ಮೀಸೆಯ ಗಂಡಸರು ಡ್ರಿಲ್ಲಿನ ಸದ್ದು ಕೇಳಿ ಹೆಂಡತಿಯ ಕೈ ಹಿಡಿದುಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. "ಏನೂ ನೋಯಲ್ಲ, ಇರುವೆ ಕಚ್ಚಿದ ಹಾಗೆ" ಎಂದು ಹೇಳಿ ಹೇಳಿ ನನ್ನ ಮುಖಕ್ಕೆ ಅದೇ ಅಚ್ಚು ಬಿದ್ದಿದೆ. ಹೆದರಿದವರನ್ನು ಸಮಾಧಾನ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಹೆದರಿಸುವುದು ಮಾತ್ರ ಬರುತ್ತಿರಲಿಲ್ಲ.

ಅದನ್ನು ಕಲಿಸಿದ್ದು ಅಮ್ಮ, ತನಗೇ ಗೊತ್ತಿಲ್ಲದೆ. ಒಂದು ಭಾನುವಾರ ಆಟ ಸಂಜೆಗೆ ಎಳೆಯಿತು. ಕರೆಂಟು ಹೋಯಿತು. ಅಮ್ಮ ಮೇಣದಬತ್ತಿ ತಂದು ಮೇಜಿನ ಮೇಲೆ ಇಡುತ್ತಿದ್ದಳು. ಗೆಳೆಯ ಏನೋ ಮಾತಿಗೆ, ನಿಮ್ಮ ಹಿಂದಿನ ಸೈಟಲ್ಲಿ ಹಾವಿದೆ ಅಂತೆ ಹೌದಾ ಆಂಟಿ ಎಂದ. ಅಮ್ಮ ಚುಚ್ಚಿಸಿಕೊಂಡವಳ ಹಾಗೆ ತಿರುಗಿದಳು.

"ದೀಪ ಅಚ್ಚೋ ಒತ್ನಲ್ಲಿ ಆ ಎಸ್ರು ಏಳ್‌ಬೇಡ ಕಣಪ್ಪಾ. ಉಳ ಅನ್ನು."

ಅಮ್ಮನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹುಳ ಉಳವಾಗುತ್ತದೆ, ಹೇಳು ಏಳಾಗುತ್ತದೆ. ಮೇಡಂ ಮೊದಮೊದಲು ತಿದ್ದಲು ನೋಡಿ ಕೈಬಿಟ್ಟಿದ್ದರು. ಆದರೆ ಅಂದು ಯಾರೂ ನಗಲಿಲ್ಲ. ಅಮ್ಮ ಒಳಗೆ ಹೋದ ಮೇಲೆ, ಮುಖವಿಲ್ಲದ ಹೆಂಗಸಿಗೆ ಆಧಾರ್ ಕೇಳಿದ ಮಹಾಶಯ ಎರಡೂ ಕಾಲನ್ನು ನಿಧಾನವಾಗಿ ಕುರ್ಚಿಯ ಮೇಲಕ್ಕೆ ಎತ್ತಿಕೊಂಡ. ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಹಾವು ಎಂದಾಗ ಅದು ಹಿಂದಿನ ಸೈಟಿನಲ್ಲಿತ್ತು. ಹುಳ ಎಂದ ತಕ್ಷಣ ಮೇಜಿನ ಕೆಳಗೆ ಬಂದಿತ್ತು.

ಆಮೇಲೆ ನಾನು ಅಮ್ಮನ ಮಾತಿಗೆ ಕಿವಿಗೊಟ್ಟು ತಿರುಗಾಡಿದೆ. ಅವಳು ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾಳೆ. ಅಕ್ಕಿ ಮುಗಿಯಿತು ಎನ್ನುವುದಿಲ್ಲ, ಡಬ್ಬ ತುಂಬಬೇಕು ಎನ್ನುತ್ತಾಳೆ. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತಾಳೆ. ಹೆದರುವ ಒಂದೊಂದಕ್ಕೂ ಒಂದು ಮರ್ಯಾದೆಯ ಹೆಸರಿಟ್ಟು, ಕಾಲು ತೊಳೆಯಲು ನೀರು ಕೊಟ್ಟು, ಬಾಗಿಲ ಹೊರಗೇ ಕೂರಿಸಿದ್ದಳು. ನಾನು ರಕ್ತ, ಮೂಳೆ ಎಂದು ಬಡಬಡಿಸುತ್ತಿದ್ದೆ. ಹೆದರಿದವರು ಹೆಸರು ಹೇಳುವುದಿಲ್ಲ ಎನ್ನುವ ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಕೋಟೆಯನ್ನು ಕೆಡವಿದೆ. ಬದಲಿಗೆ ಒಂದು ಕೆರೆಯ ಪಕ್ಕದ ಊರು ಕಟ್ಟಿದೆ, ನಮ್ಮ ಕಡೆಯ ಊರಿನ ಹಾಗೇ: ಏರಿ, ಏರಿಯ ಬುಡದಲ್ಲಿ ನೀರು ಬಿಡುವ ತೂಬು, ಆಲದಮರ, ಹಿತ್ತಲಿನಲ್ಲಿ ನುಗ್ಗೆ. ಮೂವರೂ ಹೊತ್ತು ಮುಳುಗುವಾಗ ಆ ಊರು ತಲುಪಿದರು. ಜನ ಆದರದಿಂದ ಕರೆದು ಕೂರಿಸಿದರು. ಊಟಕ್ಕೆ ಎಲೆ ಹಾಕಿದರು. ಪ್ರತಿ ಮನೆಯಲ್ಲೂ ಇದ್ದವರಿಗಿಂತ ಒಂದು ಎಲೆ ಹೆಚ್ಚು. ಅದಕ್ಕೂ ಬಡಿಸಿದರು.

"ಇದು ಯಾರಿಗೆ?" ಎಂದು ಮೇಡಂ ಕೇಳಿದರು.

"ಕೆರೆಗೆ ನೆಂಟರು ಬಂದಿದ್ದಾರೆ" ಎಂದು ಮನೆಯ ಮುದುಕಿಯಾಗಿ ನಾನು ಹೇಳಿದೆ, ಸಾರು ಬೇಕಾ ಎಂದು ಕೇಳುವ ದನಿಯಲ್ಲೇ. "ಊರಿಗೆ ಬರುವುದಿಲ್ಲ. ಬಡಿಸಿದ್ದು ಗೊತ್ತಾದರೆ ಸಾಕು ಅವರಿಗೆ."

"ಎಷ್ಟ್ ದಿನ ಇರ್ತಾರೆ?" ಎಂದ ಗೆಳೆಯ.

"ನೆಂಟರನ್ನು ಹಾಗೆಲ್ಲ ಕೇಳಬಾರದಪ್ಪ" ಎಂದೆ.

ಯಾರೂ ಜೋಕು ಮಾಡಲಿಲ್ಲ. ಪಕ್ಕದ ಮನೆಯಲ್ಲಿ ಎರಡು ಎಲೆ ಹೆಚ್ಚು ಹಾಕಿದ್ದಾರೆ, ಅಲ್ಲಿ ಒಂದು ಮಗು ಕಾಣಿಸುತ್ತಿಲ್ಲ, ಅದರ ತಾಯಿ ಅಳುತ್ತಿಲ್ಲ, ನಗುನಗುತ್ತಾ ಬಡಿಸುತ್ತಿದ್ದಾಳೆ ಎಂದಾಗ ಮೇಡಂ ಕೈಯಲ್ಲಿದ್ದ ಕಾಫಿ ಕುಡಿಯದೆ ಕೆಳಗಿಟ್ಟರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಹೊರಡುವಾಗ ಗೆಳೆಯ ತಮ್ಮನಿಗೆ, "ಮಗಾ, ಗೇಟ್ ತನಕ ಬಾರೋ, ನಿಮ್ ಸಂಪ್ ಹತ್ರ ಲೈಟಿಲ್ಲ" ಎಂದ. ನನಗೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಅಮ್ಮನ ಎಲ್ಲ ಪದಗಳನ್ನೂ ಕದ್ದು ಕಥೆಗೆ ಹಾಕಿದ್ದೆ. "ಹೋಗ್ತೀನಿ"ಯನ್ನು ಮಾತ್ರ ಮುಟ್ಟಿರಲಿಲ್ಲ. ಅದು ನಮ್ಮ ಮನೆಯ ಗಾಯ, ಆಟಕ್ಕೆ ಬೇಡ ಎಂದುಕೊಂಡಿದ್ದೆ.

ಮಾರನೇ ದಿನ ಕ್ಲಿನಿಕ್ಕಿನಿಂದ ಬಂದಾಗ ತಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಹೊಗಳುತ್ತಾನೆ ಎಂದು ನಾನೂ ಪಕ್ಕದಲ್ಲಿ ಕೂತೆ.

"ಸಖತ್ತಾಗಿತ್ತು ಅಕ್ಕ. ಎಲ್ರೂ ಹೆದ್ರಿದ್ರು. ನಾನೊಬ್ನೇ ಹೆದ್ರಲಿಲ್ಲ."

"ಯಾಕೋ? ನೀನೇನ್ ದೊಡ್ಡ ವೀರನಾ?"

"ನಂಗೇನೂ ಆಗಲ್ಲ ಅಂತ ಗೊತ್ತಲ್ಲ. ನೀನ್ ಆಗಕ್ಕೆ ಬಿಡಲ್ಲ. ಆ ಡಬ್ಬ ಹಿಂದೆ ಡೈಸ್ ಹಾಕ್ತೀಯ, ನೋಡ್ತೀಯ, ಆಮೇಲೆ ನಿಂಗೊಂದು ಮುಖ ಬರುತ್ತೆ. ಏನೂ ನೋಯಲ್ಲ ಅಂತೀಯಲ್ಲ, ಅದೇ ಮುಖ. ಆಮೇಲೆ 'ತಪ್ಪಿಸಿಕೊಂಡೆ' ಅಂತೀಯ. ಪ್ರತಿ ಸಲ ತಪ್ಪಿಸ್ಕೊಂಡ್ರೆ ಅದು ಡೈಸಾ ಅಕ್ಕ? ನಾನೇನ್ ನಿನ್ ಪೇಷಂಟಾ?"

ಸುಳ್ಳೇನಲ್ಲ. ರಾಕ್ಷಸನ ಏಟು ಕಳ್ಳನಿಗೆ ಬಿದ್ದರೆ ಬೀಳಲಿ, ಮೇಡಂಗೆ ಬಿದ್ದರೂ ಬೀಳಲಿ, ದೀಪದವನಿಗೆ ಬೀಳದ ಹಾಗೆ ನಾನು ಗಣಪತಿಯ ಹಿಂದೆ ಕೂತು ಸಂಖ್ಯೆ ತಿದ್ದುತ್ತಿದ್ದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನನ್ನು ನೋಡಿದ ಮೇಲೆ ನನ್ನ ಕೈ ಇನ್ನೇನು ಮಾಡೀತು? ಆದರೂ ಸಿಕ್ಕಿಬಿದ್ದ ಸಿಟ್ಟಿಗೆ ರೇಗಿದೆ. ಇಷ್ಟು ತಿಂಗಳಿಂದ ಬೆಳೆಸಿದ ಪಾತ್ರ ಕಣೋ, ಸತ್ತರೆ ಸತ್ತ ಹಾಗೇ, ವಾಪಸು ತರುವುದಕ್ಕೆ ಆಗಲ್ಲ, ಆಮೇಲೆ ಮುಖ ಸಣ್ಣ ಮಾಡಿಕೊಂಡು ಕೂರಬೇಡ ಎಂದೆ.

"ಸಾಯ್ಲಿ ಬಿಡು" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಎಲ್ರೂ ನನ್ನ ಗಾಜಿನ ಲೋಟ ಎತ್ತಿಟ್ಟಂಗೆ ಎತ್ತಿಡ್ತೀರ. ಅಮ್ಮ ಬೈಯೋದೇ ಬಿಟ್ಟಿದಾಳೆ ಗೊತ್ತಾ? ಮೊನ್ನೆ ಹಾಲು ಉಕ್ಸಿದೆ. ಪರ್ವಾಗಿಲ್ಲ ಬಿಡು ಕಂದ ಅಂದ್ಳು. ನಂಗೆ ಅಳು ಬಂತು ಅಕ್ಕ. ಎಲ್ಲಾದ್ರೂ ಒಂದ್ ಕಡೆ ನಿಜವಾಗ್ಲೂ ಏನಾದ್ರೂ ಆಗ್ಬೋದು ಅನ್ನೋ ಜಾಗ ಇರ್ಲಿ. ಅಲ್ಲಿ ನಿಂತ್ಕೊಂಡ್ ನೋಡ್ತೀನಿ."

ಅಮ್ಮ ಹಾಲು ಉಕ್ಕಿಸಿದವರನ್ನು ಸುಮ್ಮನೆ ಬಿಟ್ಟಳೆಂದರೆ ಅದು ಸಣ್ಣ ವಿಷಯವಲ್ಲ. ನಾನು ಮೇಲೆ ಹೋಗಿ ಸ್ವೀಟ್ ಬಾಕ್ಸಿನ ಮುಚ್ಚಳ ತಂದು ಅವನ ಕೈಗೆ ಕೊಟ್ಟೆ. ಗಣಪತಿಯ ಚಿತ್ರ ಹರಿಯಬಾರದೆಂದು ಅದನ್ನು ಜೋಪಾನವಾಗಿ ಹಳೇ ಪೇಪರಿನ ಜೊತೆ ಇಟ್ಟ.

ಮುಂದಿನ ಭಾನುವಾರ ಮೇಜಿನ ಮೇಲೆ ಮರೆ ಇಲ್ಲದ್ದನ್ನು ನೋಡಿ ಮೇಡಂ ಏನು ಎಂದು ಕೇಳಿದರು. ಇವತ್ತಿನಿಂದ ದಾಳ ಎಲ್ಲರ ಕಣ್ಣೆದುರೇ ಎಂದೆ. ಗೆಳೆಯ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ದಾಳ ಮೇಜಿನ ನಡುವೆ ಸುಮ್ಮನೆ ಕೂತಿತ್ತು, ಎಲ್ಲರ ಕಣ್ಣೂ ಅದರ ಮೇಲೇ. ಅಷ್ಟು ದಿನದ ಕಥೆಯಲ್ಲಿ ಮೊದಲ ಸಲ ನನಗೂ ಮುಂದೇನು ಎಂದು ಗೊತ್ತಿರಲಿಲ್ಲ.

ಮೂವರೂ ಊರಿನ ಉಳಿದ ಮಕ್ಕಳನ್ನು ಕರೆದುಕೊಂಡು ಹೊರಟರು. ದಾರಿ ಒಂದೇ, ಕೆರೆ ಏರಿಯ ಮೇಲೆ. ನೀರಿನಿಂದ ನೆಂಟರು ಮೇಲೆ ಬರುತ್ತಿದ್ದರು. ನಾನು ಅವರ ಮುಖ ಹೇಳಲಿಲ್ಲ, ಮೈ ಹೇಳಲಿಲ್ಲ. ಒದ್ದೆ ಕಾಲಿನಲ್ಲಿ ನೆಲದ ಮೇಲೆ ನಡೆಯುವ ಸದ್ದು, ಯಾರೋ ಕ್ಷೇಮ ಸಮಾಚಾರ ಕೇಳುವ ದನಿ, ಅಷ್ಟೇ ಹೇಳಿದೆ. ದೀಪ ಎಲ್ಲಿರುತ್ತದೋ ಅಲ್ಲಿಗೆ ಅವರು ಬರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ಮಕ್ಕಳು ಕ್ಷೇಮವಾಗಿ ಏರಿ ದಾಟಬೇಕಾದರೆ ದೀಪ ಬೇರೆ ಕಡೆ ಇರಬೇಕು.

"ನಾನ್ ತೂಬಿನ ಹತ್ರ ಇಳೀತೀನಿ" ಎಂದ ತಮ್ಮ. "ದೀಪ ಎತ್ತಿ ಹಿಡ್ಕೊಂಡ್ ನಿಲ್ತೀನಿ. ಮಕ್ಳು ಆಚೆ ದಡ ಸೇರೋ ತನಕ."

ಬೇಡ ಎಂದು ನನ್ನ ಬಾಯಿಗೆ ಬಂತು. ಇನ್ನೊಂದು ದಾರಿ ಇದೆ, ಹಳೇ ಮಂಟಪ ಇದೆ, ಏನಾದರೂ ಹುಟ್ಟಿಸಬಹುದಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನುಂಗಿಕೊಂಡೆ. "ಹದಿನೈದು ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಆಮೇಲೆ ನೀನೂ ಏರಿ ಹತ್ತಿ ತಪ್ಪಿಸಿಕೊಳ್ಳುತ್ತೀಯ. ಕಡಿಮೆ ಬಿದ್ದರೆ ಇಲ್ಲ" ಎಂದೆ.

ಅವನು ದಾಳ ಕೈಗೆ ತೆಗೆದುಕೊಂಡ. ಕಳ್ಳನನ್ನೂ ಯೋಧೆಯನ್ನೂ ನೋಡಿ, ದೀಪದವನ ದನಿಯಲ್ಲಿ ಹೇಳಿದ: "ನೀವ್ ನಡೀರಿ. ತಿರುಗಿ ನೋಡ್ಬೇಡಿ. ನಾನ್ ಹೋಗ್ತೀನಿ."

ಅಡುಗೆಮನೆಯಲ್ಲಿ ಸೌಟು ಬಿತ್ತು. ಅಮ್ಮ ಕೈ ಕೂಡ ಒರೆಸಿಕೊಳ್ಳದೆ ಬಂದು ನಿಂತಳು.

"ಏನಂದೆ?"

"ಆಟ ಅಮ್ಮ."

"ಆಟ್ದಾಗೂ ಬ್ಯಾಡ. ಬರ್ತೀನಿ ಅನ್ನು."

"ಬರ್ತೀನೋ ಇಲ್ವೋ ಗೊತ್ತಿಲ್ಲ ಅಮ್ಮ" ಎಂದ, ನಿಧಾನವಾಗಿ. "ಗೊತ್ತಿಲ್ದೇನೇ ಹೋಗ್ಬೇಕು ಇಲ್ಲಿ. ಎಲ್ಲಾ ಕಡೇನೂ ಹಂಗೇ ಅಲ್ವಾ?"

"ಅನ್ನೋ ಅಂದ್ರೆ!" ಅಮ್ಮನ ದನಿ ಒಡೆಯಿತು. "ಅವತ್ತೂ ಇಂಗೇ ಅಂದು ಓದೆ. ನಾನು ತಡೀಲಿಲ್ಲ. ಸಾರಿಗೆ ಒಗ್ಗರಣೆ ಆಕ್ತಾ ಇದ್ದೆ, ಬಂದು ತಡೀಲಿಲ್ಲ ನಿನ್ನ."

ವರ್ಷದಿಂದ ಆ ಮನೆಯಲ್ಲಿ ಯಾರೂ ಹೇಳದ ಮಾತು ಅದು. ಅಮ್ಮ ತಪ್ಪು ಹೊರಿಸಿದ್ದು ಅವನ ಬಾಯಿಯ ಮೇಲಲ್ಲ, ತನ್ನ ಒಗ್ಗರಣೆಯ ಮೇಲೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೇಡಂ ತಲೆ ತಗ್ಗಿಸಿದರು. ತಮ್ಮ ಎದ್ದು ನಿಂತ. ದಾಳ ಅವನ ಮುಷ್ಟಿಯಲ್ಲೇ ಇತ್ತು.

"ಅಮ್ಮ, ನಾನ್ ಹೋಗ್ತೀನಿ ಅಂದಿದ್ದಕ್ಕೆ ಗುದ್ದಲಿಲ್ಲ ಆಟೋ. ನೀನ್ ಬರ್ದೇ ಇದ್ದಿದ್ದಕ್ಕೂ ಅಲ್ಲ. ರಾಂಗ್ ಸೈಡಲ್ಲಿ ಬಂದ, ಅದಕ್ಕೆ. ಅಷ್ಟೇ ಅಮ್ಮ. ಬೇರೇನೂ ಇಲ್ಲ."

ಅಮ್ಮ ಅವನ ಮುಖ ನೋಡಿದಳು, ಮೇಜು ನೋಡಿದಳು, ಮರೆಯಿಲ್ಲದೆ ಕೂತ ನನ್ನನ್ನು ನೋಡಿದಳು. ಈ ಆಟದ ತಲೆಬುಡ ಅವಳಿಗೆ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಇಷ್ಟು ಭಾನುವಾರ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಕಡ್ಮೆ ಬಿದ್ರೆ ಇಲ್ಲ, ಅಲ್ವಾ?" ಎಂದಳು ನನಗೆ.

"ಹೂಂ ಅಮ್ಮ."

ಅವನ ಕುರ್ಚಿಯ ಬೆನ್ನನ್ನು ಒದ್ದೆ ಕೈಯಲ್ಲಿ ಹಿಡಿದು ನಿಂತಳು. "ಆಕು" ಎಂದಳು.

ಹಾಕಿದ. ದಾಳ ನೀರಿನ ಲೋಟಕ್ಕೆ ತಗುಲಿ, ತಿರುಗಿ, ನಿಂತಿತು. ಆರು.

ಎಲ್ಲರೂ ನನ್ನ ಕಡೆ ನೋಡಿದರು. ನೋಯಲ್ಲ ಎನ್ನುವ ಮುಖ ಅಂದು ನನ್ನ ಹತ್ತಿರ ಇರಲಿಲ್ಲ. ನನಗೆ ಬಂದ ಹಾಗೆ ಹೇಳಿದೆ. ನೆಂಟರು ಒಬ್ಬೊಬ್ಬರಾಗಿ ತೂಬಿನ ಹತ್ತಿರ ಬಂದು ದೀಪದ ಸುತ್ತ ಕೂತರು, ಊಟಕ್ಕೆ ಕೂರುವ ಹಾಗೆ. ಅವನು ಓಡಲಿಲ್ಲ. ಏರಿಯ ಮೇಲೆ ಮಕ್ಕಳ ಹೆಜ್ಜೆಯ ಸದ್ದು ಆಚೆ ದಡ ಮುಟ್ಟುವ ತನಕ ಕೈ ಇಳಿಸಲಿಲ್ಲ. ಆಮೇಲೆ ದೀಪ ಶಾಂತವಾಯಿತು.

ಅಮ್ಮನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳದೇ ಪದ. ಅಲ್ಲೇ ಕುರ್ಚಿಯಲ್ಲಿ ಕೂತು, ಸೆರಗು ಬಾಯಿಗಿಟ್ಟುಕೊಂಡು, ಇಲ್ಲದ ಕೆರೆಯ ಇಲ್ಲದ ದೀಪದವನಿಗಾಗಿ ಅತ್ತಳು. ಮೇಡಂ ಅತ್ತರು. ನಾನೂ ಅತ್ತೆ, ನಾಚಿಕೆಯಿಲ್ಲದೆ. ತಮ್ಮ ಅಮ್ಮನ ಮುಂದೆ ಮೊಣಕಾಲೂರಿ ಕೂತ. ಆ ಕಾಲನ್ನು ಮಡಚಿ ಕೂತಿದ್ದು ಆಮೇಲೆ ನೆನಪಾಯಿತು ನನಗೆ. "ನಾನ್ ಇಲ್ಲೇ ಇದೀನಲ್ಲಮ್ಮ, ನೋಡು" ಎಂದ. ಅಮ್ಮ ಅವನ ತಲೆ, ಕೆನ್ನೆ, ರಾಡಿರುವ ತೊಡೆ ಎಲ್ಲ ಮುಟ್ಟಿ ನೋಡಿದಳು.

"ಅಂದ್‌ಬುಟ್ಟ, ಅದಕ್ಕೇ ಆರು ಬಿತ್ತು" ಎಂದಳು ಮೂಗು ಒರೆಸಿಕೊಳ್ಳುತ್ತಾ.

"ಆಂಟಿ, ಡೈಸ್‌ಗೆ ಕನ್ನಡ ಬರಲ್ಲ" ಎಂದ ಗೆಳೆಯ.

ಅಮ್ಮನಿಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ಆ ಹುಡುಗನ ಈ ಒಂದು ಮಾತಿಗೆ ನಾನು ಜನ್ಮವಿಡೀ ಉಪ್ಪಿಟ್ಟು ಹಾಕಬಲ್ಲೆ. ಅಂದು ಅಮ್ಮ ತಿಂಡಿ ಬಡಿಸುವಾಗ ಒಂದು ತಟ್ಟೆ ಹೆಚ್ಚು ಇಟ್ಟಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅದನ್ನೂ ಗೆಳೆಯನೇ ತಿಂದ, ನೆಂಟರ ಎಲೆಯಲ್ಲಿ ಉಳಿಸಬಾರದು ಎಂದು.

ಭಯವನ್ನು ಹೇಗೆ ಹುಟ್ಟಿಸುವುದು ಎಂದು ನನ್ನನ್ನು ಈಗಲೂ ಆಟದವರು ಕೇಳುತ್ತಾರೆ. ಹೆಸರು ಹೇಳಬೇಡಿ, ದಾಳ ಮುಚ್ಚಿಡಬೇಡಿ ಎನ್ನುತ್ತೇನೆ. ಅದಕ್ಕಿಂತ ದೊಡ್ಡದು ನನಗೆ ಸಿಕ್ಕ ಜನ. ಜಾಲಹಳ್ಳಿಯ ಟ್ರಾಫಿಕ್ಕಿನಲ್ಲಿ ಬೆಂದು ಪ್ರತಿ ವಾರ ಬರುತ್ತಿದ್ದ ಗೆಳೆಯ, ಕಣ್ಣುನೋವಿದ್ದರೂ ತಪ್ಪಿಸದ ಮೇಡಂ, ಕುರ್ಚಿಯ ಬೆನ್ನು ಹಿಡಿದು "ಆಕು" ಎಂದ ಅಮ್ಮ. ಅವರ ಋಣ ತೀರುವಂಥದ್ದಲ್ಲ. ಕ್ಲಿನಿಕ್ಕಿನಲ್ಲೂ ಈಗ ಇರುವೆಯ ಕಥೆ ಹೇಳುವುದಿಲ್ಲ. "ಸ್ವಲ್ಪ ನೋಯುತ್ತೆ, ಕೈ ಎತ್ತಿದ್ರೆ ನಿಲ್ಲಿಸ್ತೀನಿ" ಎನ್ನುತ್ತೇನೆ. ಮೀಸೆಯವರು ಮೊದಲಿಗಿಂತ ಕಡಿಮೆ ಹೆದರುತ್ತಾರೆ.

ತಿಂಗಳು ಮುಗಿಯುವ ಮೊದಲು, ಒಂದು ಸೋಮವಾರ ಬೆಳಿಗ್ಗೆ, ತಮ್ಮ ಶೂ ಹಾಕಿಕೊಂಡ. ಲೇಸು ಎರಡು ಸಲ ಬಿಗಿದು ಕಟ್ಟಿದ. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಅಮ್ಮ ಎಂದಿನಂತೆ ಬಾಗಿಲಿಗೆ ಬಂದಳು.

"ಬರ್ತೀನಮ್ಮಾ" ಎಂದ.

ಇನ್ನು "ಬಾ" ಎನ್ನುತ್ತಾಳೆ ಎಂದು ಕಾದೆ. ಅಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಓಗಿ ಬಾ" ಎಂದಳು. "ಬರ್ತಾ ಒಂದ್ ಕಟ್ಟು ಕೊತ್ತಂಬ್ರಿ ಇಡ್ಕಂಡ್ ಬಾ."

ಅವನು ತಿರುವಿನಲ್ಲಿ ಮರೆಯಾಗುವ ಮೊದಲೇ ಅವಳು ಒಳಗೆ ಹೋದಳು. ನಿಂತು ನೋಡಿದವಳು ನಾನೊಬ್ಬಳೇ. ಕ್ಲಿನಿಕ್ಕಿಗೆ ಹೊರಡುವ ಹೊತ್ತಿಗೆ ಫೋನು ಬಂತು. ಬಸ್ಸುಗಳ ಗದ್ದಲದ ನಡುವೆ, ಏದುಸಿರಿನಲ್ಲಿ, "ರಸ್ತೆ ಆಚೆ ಇದೀನಿ ಅಕ್ಕ" ಎಂದ.

ಸಂಜೆ ಅವನು ಬರಿಗೈಯಲ್ಲಿ ಬಂದ. ಕೊತ್ತಂಬರಿ ಮರೆತಿದ್ದ. ಅಮ್ಮ ಸೊಂಟಕ್ಕೆ ಕೈಯಿಟ್ಟು, ಗ್ಯಾನ ಎಲ್ಲಿ ಮಡಗಿದ್ಯೋ, ಒಂದ್ ಕೆಲ್ಸ ನೆಟ್ಟಗೆ ಮಾಡಕ್ಕಾಗಲ್ವಾ ನಿಂಗೆ, ಕತ್ತೆ ವಯಸ್ಸಾಯ್ತು ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದಳು. ತಮ್ಮ ಅಂಗಳದಲ್ಲಿ ನಿಂತು, ಬ್ಯಾಗು ಕೆಳಗಿಡುವುದನ್ನೂ ಮರೆತು, ಪೂರ್ತಿ ಬೈಸಿಕೊಂಡ.